ರಕ್ತನಾಳ ಅಂದ್ರೆ ನಲ್ಲಿ ಪೈಪಲ್ಲ

ಬೋರ್‌ವೆಲ್ ನೀರಿನ ಮನೆಯಲ್ಲಿ ಗೀಸರ್ ಬಿಚ್ಚಿ ನೋಡಿದವರಿಗೆ ಗೊತ್ತು, ಕಾಯಿಲ್ ಸುತ್ತ ಬಿಳಿ ಪದರ ಹೇಗೆ ಗಟ್ಟಿಯಾಗಿ ಕೂತಿರುತ್ತೆ ಅಂತ. ಸ್ಕ್ಯಾನ್ ರಿಪೋರ್ಟ್‌ನಲ್ಲಿ ರಕ್ತನಾಳದಲ್ಲಿ ಕ್ಯಾಲ್ಸಿಯಂ ಇದೆ ಅಂತ ಬಂದ ಕೂಡಲೇ ಕಣ್ಣಮುಂದೆ ಬರೋದು ಇದೇ ಚಿತ್ರ. ದಾರಿ ತಪ್ಪೋದೂ ಅಲ್ಲಿಂದಲೇ. ಒಬ್ಬರು ರಾಗಿಮುದ್ದೆ ಬಿಡ್ತಾರೆ, ಒಬ್ಬರು ಹಾಲು ಬಿಡ್ತಾರೆ, ಇನ್ನೊಬ್ಬರು ಬ್ಲಾಕ್ ಕರಗಿಸೋ ಬಾಟ್ಲಿಗೆ ಸಾವಿರಾರು ರೂಪಾಯಿ ಸುರೀತಾರೆ. ನನ್ನ ತಕರಾರು ಈ ಗೀಸರ್ ಹೋಲಿಕೆ ಮೇಲೇನೇ.

ಗೀಸರ್‌ನಲ್ಲಿ ಕೂರೋದು ಕ್ಯಾಲ್ಸಿಯಂ ಕಾರ್ಬೊನೇಟ್, ತಾನಾಗಿ ಕೂರುತ್ತೆ. ರಕ್ತನಾಳದಲ್ಲಿ ಸಿಗೋದು ಹೈಡ್ರಾಕ್ಸಿಅಪಟೈಟ್ ಜಾತಿಯ ಹರಳು, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆಗಿದ್ದು. ನಿಮ್ಮ ಮೂಳೆ, ಹಲ್ಲಿನಲ್ಲಿರೋದೂ ಅದೇ. ಇದನ್ನ ಕಟ್ಟೋ ಕೆಲಸದಲ್ಲಿ ಗೋಡೆಯ ಜೀವಕೋಶಗಳೇ ಕೈ ಹಾಕಿರ್ತವೆ. ಅಪಧಮನಿಯ ನಡುಪದರದಲ್ಲಿ ನಯ ಸ್ನಾಯುವಿನ ಕೋಶಗಳಿವೆ, ಹಿಗ್ಗೋದು ಕುಗ್ಗೋದು ಅವುಗಳ ಕಸುಬು. ಸುತ್ತ ಫಾಸ್ಫೇಟ್ ಏರಿದಾಗ, ಸಕ್ಕರೆ ಕಾಯಿಲೆ ಅಥವಾ ಉರಿಯೂತ ಇದ್ದಾಗ, ಅವು ಕಸುಬನ್ನೇ ಬದಲಾಯಿಸ್ತವೆ. ಸಂಕೋಚನದ ಪ್ರೋಟೀನು ಕಡಿಮೆಯಾಗುತ್ತೆ, ಮೂಳೆ ಕಟ್ಟೋ ಕೋಶದಲ್ಲಿ ನಡೆಯೋ ರನ್‌ಎಕ್ಸ್2 ಜೀನ್ ಚಾಲೂ ಆಗುತ್ತೆ. ಕೋಶ ಉಗುಳೋ ಸಣ್ಣ ಸಣ್ಣ ಚೀಲಗಳಲ್ಲಿ ಮೊದಲ ಹರಳು ಹುಟ್ಟುತ್ತೆ.

2000ದಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಮನುಷ್ಯರ ನಯ ಸ್ನಾಯು ಕೋಶಗಳನ್ನ ತಟ್ಟೆಯಲ್ಲಿ ಬೆಳೆಸಿ, ಫಾಸ್ಫೇಟ್ ಮಟ್ಟವನ್ನ ಲೀಟರಿಗೆ 1.4ರಿಂದ 2 ಮಿಲಿಮೋಲ್‌ಗೆ ಏರಿಸಿದರು. ಏರಿಸಿದ ತಟ್ಟೆಯಲ್ಲಿ ಸುಣ್ಣಗಟ್ಟಿತು. 2 ಮಿಲಿಮೋಲ್ ಅಂದ್ರೆ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ ಡೆಸಿಲೀಟರಿಗೆ ಸುಮಾರು 6.2 ಮಿಲಿಗ್ರಾಂ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಿಪೋರ್ಟಿನಲ್ಲಿ ಇದೇನು ಅಪರೂಪದ ಅಂಕಿ ಅಲ್ಲ.

ಹಾಗಾದ್ರೆ ಎಲ್ಲರ ನಾಳವೂ ಯಾಕೆ ಕಲ್ಲಾಗಲ್ಲ? ತಡೆಯೋರು ಇದ್ದಾರೆ. ಪೈರೋಫಾಸ್ಫೇಟ್ ಒಂದು, ಯಕೃತ್ತು ತಯಾರಿಸೋ ಫೆಟುಯಿನ್ ಎ ಇನ್ನೊಂದು, ಗೋಡೆಯಲ್ಲೇ ಇರೋ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್ ಮತ್ತೊಂದು. ಈ ಕೊನೆಯದನ್ನ ಇಲ್ಲವಾಗಿಸಿದ ಇಲಿಗಳು ಎರಡು ತಿಂಗಳೊಳಗೆ ನಾಳ ಸುಣ್ಣಗಟ್ಟಿ, ಮಹಾಪಧಮನಿ ಒಡೆದು ಸತ್ತವು. ಅದು 1997ರ ಕೆಲಸ. ಈ ಪ್ರೋಟೀನ್ ಕೆಲಸಕ್ಕೆ ಬರಬೇಕಾದರೆ ವಿಟಮಿನ್ ಕೆ ಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಮಾತ್ರೆ ಆ ವಿಟಮಿನ್ ಕೆಲಸವನ್ನೇ ತಡೆಯುತ್ತೆ, ಹಾಗಾಗಿ ಸುಣ್ಣಗಟ್ಟೋದಕ್ಕೂ ಅದಕ್ಕೂ ನಂಟಿದೆ. ಹಾಗಂತ ಮಾತ್ರೆ ನಿಲ್ಲಿಸಬೇಡಿ, ಕೃತಕ ಕವಾಟ ಇದ್ದವರಿಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು.

ಈಗ ಕಿಡ್ನಿ ಕಾಯಿಲೆಯವರ ಲೆಕ್ಕಕ್ಕೆ ಬರೋಣ. ಹೆಚ್ಚಾದ ಫಾಸ್ಫೇಟ್ ಹೊರಹಾಕೋದು ಕಿಡ್ನಿ, ಅದು ಕೆಟ್ಟರೆ ಆ ಕೆಲಸ ಡಯಾಲಿಸಿಸ್ ಮೆಷಿನ್ ಪಾಲಿಗೆ. ದಿನಕ್ಕೆ 1000 ಮಿಲಿಗ್ರಾಂ ಫಾಸ್ಫರಸ್ ತಿಂದು ಅದರಲ್ಲಿ ನೂರಕ್ಕೆ 60 ಭಾಗ ಒಳಗೆ ಹೋದರೆ ವಾರಕ್ಕೆ 4200. ಒಂದು ಡಯಾಲಿಸಿಸ್‌ನಲ್ಲಿ 800 ಹೋಗುತ್ತೆ ಅಂತಿಟ್ಟುಕೊಳ್ಳಿ. ಮೂರು ಸಲಕ್ಕೆ 2400, ನಮ್ಮಲ್ಲಿ ಅನೇಕರು ಮಾಡಿಸೋ ಹಾಗೆ ಎರಡೇ ಸಲವಾದ್ರೆ 1600. ಉಳಿದ 2600 ಎಲ್ಲಿ ಹೋಗಬೇಕು? ಮೆಷಿನ್ ಇದೆಯಲ್ಲ, ಅದೇ ತೆಗೆಯುತ್ತೆ ಅನ್ನೋ ಮಾತು ಈ ಲೆಕ್ಕದ ಮುಂದೆ ನಿಲ್ಲಲ್ಲ.

ಇನ್ನು ತಿನ್ನೋದು. ಕಾಳು, ಧಾನ್ಯದಲ್ಲಿರೋ ಫಾಸ್ಫರಸ್ ಬಹುಪಾಲು ಫೈಟೇಟ್ ರೂಪದಲ್ಲಿ ಕಟ್ಟಿಹಾಕಿದ್ದು; ಅದರ ಅರ್ಧಕ್ಕಿಂತ ಕಡಿಮೆ ಒಳಗೆ ಹೋಗುತ್ತೆ. ಪ್ಯಾಕೆಟ್‌ ತಿಂಡಿಗೆ ಬೆರೆಸಿದ ಫಾಸ್ಫೇಟ್ ಹಾಗಲ್ಲ, ಹೆಚ್ಚೂಕಡಿಮೆ ಪೂರ್ತಿ ರಕ್ತಕ್ಕೆ. ಪೌಷ್ಟಿಕಾಂಶದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇದು ಕಾಣಲ್ಲ, ಪದಾರ್ಥಗಳ ಸಾಲಿನಲ್ಲಿ ಐಎನ್‌ಎಸ್ ನಂಬರ್, ಅಂದ್ರೆ ಬೆರೆಸಿದ ರಾಸಾಯನಿಕದ ಗುರುತಿನ ಸಂಖ್ಯೆ, ಹುಡುಕಬೇಕು: 338ರಿಂದ 341, ಮತ್ತೆ 450, 451, 452. ಕೋಲಾ, ಪ್ರೋಸೆಸ್ಡ್ ಚೀಸ್, ಸಾಸೇಜ್ ಮೊದಲು ನೋಡಿ. ಬೇಳೆಸಾರು ಬಿಡಿಸಿ ಕೋಲಾ ಬಗ್ಗೆ ಸುಮ್ಮನಿರೋ ಡಯಟ್ ಶೀಟ್ ನನ್ನ ಪ್ರಕಾರ ತಲೆಕೆಳಗು. ಆದರೆ ಪೊಟ್ಯಾಸಿಯಂ ಹೆಚ್ಚಿರೋರಿಗೆ ಬೇಳೆಯ ಲೆಕ್ಕ ಬೇರೆ, ಅದನ್ನ ನಿಮ್ಮ ಡಯಟೀಷಿಯನ್ನೇ ಹೇಳಬೇಕು.

ಫಾಸ್ಫೇಟ್ ಹಿಡಿಯೋ ಮಾತ್ರೆ, ಸೆವೆಲಮರ್ ಆಗಲಿ ಕ್ಯಾಲ್ಸಿಯಂ ಅಸಿಟೇಟ್ ಆಗಲಿ, ಊಟದ ಜೊತೆಗೇ ನುಂಗಬೇಕು. ಅದರ ಕೆಲಸ ಕರುಳಿನಲ್ಲಿ ಊಟದ ಫಾಸ್ಫೇಟನ್ನ ಹಿಡಿಯೋದು. ಬೆಳಿಗ್ಗೆ ಬರಿಹೊಟ್ಟೇಲಿ ಬಿಪಿ ಮಾತ್ರೆ ಜೊತೆ ನುಂಗಿದ್ರೆ ಹಿಡಿಯೋಕೆ ಅಲ್ಲಿ ಏನಿರುತ್ತೆ? ಕ್ಯಾಲ್ಸಿಯಂ ಇರೋ ಮಾತ್ರೆಯ ಪ್ರಮಾಣಕ್ಕೆ ಮಿತಿ ಬೇಕು, ಅದು ತಾನೇ ಹೊರೆ ಹೆಚ್ಚಿಸಬಹುದು.

ಸ್ಕ್ಯಾನ್ ರಿಪೋರ್ಟಿನ ಕ್ಯಾಲ್ಸಿಯಂ ಸ್ಕೋರಿನ ವಿಷಯ. ಸಿಟಿ ಸ್ಕ್ಯಾನಿನಲ್ಲಿ 130 ಹೌನ್ಸ್‌ಫೀಲ್ಡ್ (ಸಾಂದ್ರತೆಯ ಅಳತೆ) ದಾಟಿದ್ದನ್ನ ಕ್ಯಾಲ್ಸಿಯಂ ಅಂತ ಎಣಿಸ್ತಾರೆ, 1990ರ ಅಗಾಟ್ಸ್ಟನ್ ಪದ್ಧತಿ. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ತಗೊಂಡವರಲ್ಲಿ ಈ ಅಂಕಿ ಏರಬಹುದು, ಆದರೂ ಹೃದಯಾಘಾತ ಇಳಿಯುತ್ತೆ. ಮೆತ್ತಗಿನ ಕೊಬ್ಬಿನ ಗಂಟು ಗಟ್ಟಿಯಾದ್ರೆ ಒಡೆಯೋದು ಕಡಿಮೆ. ಅಪಾಯ ಹೆಚ್ಚಿರೋದು ಗಂಟಿನ ಮೇಲಿನ ತೆಳು ಪೊರೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೂತ ಸೂಕ್ಷ್ಮ ಕಣಗಳಲ್ಲಿ, ಅವು ಮಾಮೂಲಿ ಸಿಟಿಗೆ ಕಾಣೋದೇ ಇಲ್ಲ. ಹಾಗಾಗಿ ಮಾತ್ರೆ ಶುರುಮಾಡಿ ವರ್ಷವರ್ಷ ಸ್ಕೋರ್ ಮಾಡಿಸಿ ಗಾಬರಿಯಾಗೋದು ದುಡ್ಡಿಗೂ ನಿದ್ದೆಗೂ ನಷ್ಟ.

ಕರಗಿಸೋ ಮಾತು ಉಳೀತು. ಬ್ಲಾಕ್ ಕರಗುತ್ತೆ ಅಂತ ಕೊಡೋ ಇಡಿಟಿಎ ಅನ್ನೋ ರಾಸಾಯನಿಕದ ಡ್ರಿಪ್ ರಕ್ತದಲ್ಲಿ ತೇಲೋ ಕ್ಯಾಲ್ಸಿಯಂ ಹಿಡಿಯುತ್ತೆ. ಅದರ ಡೈಸೋಡಿಯಂ ರೂಪ ರಕ್ತದ ಕ್ಯಾಲ್ಸಿಯಂ ಪಾತಾಳಕ್ಕಿಳಿಸಿ ಸಾವು ತಂದದ್ದೂ ದಾಖಲಾಗಿದೆ. ಹೃದಯ ತಜ್ಞರು ಕೂಡ ಕರಗಿಸಲ್ಲ. ವಜ್ರದ ಪುಡಿ ಮೆತ್ತಿದ ಸಣ್ಣ ಬರ್ ಅನ್ನ ನಿಮಿಷಕ್ಕೆ ಸುಮಾರು ಒಂದೂವರೆ ಲಕ್ಷ ಸುತ್ತು ತಿರುಗಿಸಿ ತೇಯ್ತಾರೆ, ಇಲ್ಲವೇ ಬಲೂನಿನಿಂದ ಒತ್ತಡದ ಅಲೆ ಬಿಟ್ಟು ಬಿರುಕು ಬಿಡಿಸ್ತಾರೆ. ಬಿರುಕು ಬಿಟ್ಟ ಕ್ಯಾಲ್ಸಿಯಂ ಗೋಡೆಯಲ್ಲೇ ಉಳಿಯುತ್ತೆ, ಸ್ಟೆಂಟ್ ಪೂರ್ತಿ ಬಿಚ್ಚಿಕೊಳ್ಳೋಕೆ ಜಾಗ ಮಾತ್ರ ಸಿಗುತ್ತೆ.