ತೋಳಕ್ಕೆ ಸೋಲುವ ಗೋಕು, ನಂಬರ್ ಬರೆದ ಬಾಗಿಲು

[ತೆರೆಯ ಮೇಲೆ: ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಯಂತ್ರದ ಆಟ. ಹಸಿರು ಕಾಡು. ಗೋಕು, ಎದುರಿಗೆ ಒಂದು ತೋಳ.]

ಇದನ್ನು ಸ್ವಲ್ಪ ನೋಡಿ. ಕಿತ್ತಳೆ ಬಟ್ಟೆ ಹಾಕಿರುವವನು ಗೋಕು, ಡ್ರ್ಯಾಗನ್ ಬಾಲ್ ಅನ್ನುವ ಜಪಾನಿ ಕತೆಯ ನಾಯಕ, ಭಾರಿ ಬಲಶಾಲಿ. ಎದುರಿಗಿರುವುದು ಕಾಡಿನ ತೋಳ, ಅಷ್ಟೇ. ಬೇರೆ ಗ್ರಹದಿಂದ ಬಂದ ರಾಕ್ಷಸ ಏನಲ್ಲ. ಗೋಕು ಗುದ್ದುತ್ತಾನೆ, ಕೈ ತಲುಪುವುದಿಲ್ಲ, ಇನ್ನೊಂದು ಹೆಜ್ಜೆ ಮುಂದೆ ಇಡುತ್ತಾನೆ, ಅಷ್ಟರಲ್ಲಿ ತೋಳ ಕಚ್ಚಿಬಿಡುತ್ತದೆ. ಇನ್ನೊಮ್ಮೆ ಕಚ್ಚುತ್ತದೆ. ಗೋಕು ಬಿದ್ದ. ಆಟ ಮುಗಿಯಿತು.

ಇದು 2002ರಲ್ಲಿ ಬಂದ ಡ್ರ್ಯಾಗನ್ ಬಾಲ್ ಝೀ: ದಿ ಲೆಗಸಿ ಆಫ್ ಗೋಕು. ಇವತ್ತು ಹೇಳಬೇಕು ಅಂತಿರುವುದು ಇದರ ಮುಂದಿನ ಆಟದ ಬಗ್ಗೆ, ಅಂದರೆ 2003ರ ಲೆಗಸಿ ಆಫ್ ಗೋಕು 2 ಬಗ್ಗೆ. ಆದರೆ ಈ ತೋಳವನ್ನು ನೋಡದೆ ಅದು ಯಾಕೆ ಅಷ್ಟು ಒಳ್ಳೆಯ ಆಟ ಅಂತ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಎಷ್ಟೋ ಜನರಿಗೆ ಡ್ರ್ಯಾಗನ್ ಬಾಲ್ ಅಂದರೆ ಕಾರ್ಟೂನ್ ನೆಟ್‌ವರ್ಕ್ ಚಾನೆಲ್‌ನಲ್ಲಿ ಬರುತ್ತಿದ್ದ ಟೂನಾಮಿ ಕಾರ್ಯಕ್ರಮ. ಬ್ಯಾಗ್ ಮೂಲೆಗೆ ಎಸೆದು ಟಿವಿ ಮುಂದೆ ಕೂತರೆ ಮುಗಿಯಿತು. ಅಮ್ಮ ಕಾಫಿ ತಂದಿಟ್ಟಿದ್ದು ಕೂಡ ಗೊತ್ತಾಗುತ್ತಿರಲಿಲ್ಲ. ಅಕಿರಾ ತೋರಿಯಾಮ ಅವರ ಮಾಂಗಾ, ಅಂದರೆ ಜಪಾನಿ ಚಿತ್ರಕತೆ, 1984ರಲ್ಲಿ ಜಪಾನಿನಲ್ಲಿ ಶುರುವಾಯಿತು. ಅದರಿಂದ ಮಾಡಿದ ಡ್ರ್ಯಾಗನ್ ಬಾಲ್ ಝೀ ಅನಿಮೆ, ಅಂದರೆ ಟಿವಿ ಕಾರ್ಟೂನ್, 1989ರಿಂದ 1996ರವರೆಗೆ ಓಡಿತು, ಒಟ್ಟು 291 ಕಂತು. ಈ ಆಟಗಳನ್ನು ಮಾಡಿದ್ದು ಮಾತ್ರ ಜಪಾನಿನವರಲ್ಲ, ಅಮೆರಿಕದ ವೆಬ್‌ಫುಟ್ ಟೆಕ್ನಾಲಜೀಸ್ ಅನ್ನುವ ಕಂಪನಿ. ಮೊದಲನೆಯದನ್ನು ಹೊರತಂದದ್ದು ಇನ್ಫೋಗ್ರೇಮ್ಸ್, ಎರಡನೆಯದರ ಹೊತ್ತಿಗೆ ಅದೇ ಕಂಪನಿ ಅಟಾರಿ ಅಂತ ಹೆಸರು ಬದಲಿಸಿಕೊಂಡಿತ್ತು.

[ತೆರೆಯ ಮೇಲೆ: ಮೊದಲ ಆಟದ ಹೊಡೆದಾಟ, ನಿಧಾನ ಗತಿಯಲ್ಲಿ.]

ಮೊದಲ ಆಟದ ತಪ್ಪು ಎಲ್ಲಿದೆ ಅಂತ ಇಲ್ಲಿ ಕಾಣುತ್ತದೆ. ಗೋಕುವಿನ ಮುಷ್ಟಿ ಎಷ್ಟು ದೂರ ಹೋಗುತ್ತದೆ ನೋಡಿ. ಮೈಗೆ ಅಂಟಿಕೊಂಡ ಹಾಗೇ ಇದೆ, ಅಲ್ವಾ? ಗುದ್ದು ಬೀಳಬೇಕಾದರೆ ಶತ್ರುವಿಗೆ ತಾಗಿಕೊಂಡೇ ನಿಲ್ಲಬೇಕು, ಹಾಗೆ ನಿಂತರೆ ಅವನ ಏಟು ನಮಗೆ ಬೀಳುತ್ತದೆ. ಹಾಗಾಗಿ ಆಡುವವರು ಗುದ್ದುವುದನ್ನೇ ಬಿಟ್ಟರು. ದೂರ ನಿಂತು ಕೈಯಿಂದ ಬೆಳಕಿನ ಉಂಡೆ ಎಸೆಯುವುದು, ಶಕ್ತಿ ಖಾಲಿಯಾದರೆ ಓಡುವುದು, ಅದು ತುಂಬಿದ ಮೇಲೆ ಬಂದು ಮತ್ತೆ ಎಸೆಯುವುದು. ರಾಡಿಟ್ಸ್ ಅನ್ನುವ ಮೊದಲ ಶತ್ರುವಿನಿಂದ ಫ್ರೀಝಾ ಅನ್ನುವ ಶತ್ರುವಿನವರೆಗಿನ ಅಷ್ಟು ದೊಡ್ಡ ಕತೆಯನ್ನು ಹೀಗೆ ಓಡಿ ಓಡಿಯೇ ಮುಗಿಸಬೇಕು. ಸೂಪರ್ ಸೈಯನ್ ಆಗುವುದು, ಅಂದರೆ ಗೋಕು ಇನ್ನೂ ಬಲವಾದ ರೂಪಕ್ಕೆ ಬದಲಾಗುವುದಂತೂ, ಕಟ್ಟಕಡೆಯಲ್ಲಿ ಮಾತ್ರ.

ಒಂದೇ ವರ್ಷದಲ್ಲಿ ಎರಡನೆಯ ಆಟ ಬಂತು, ಮಾಡಿದ್ದು ಅದೇ ಕಂಪನಿ. ಆದರೆ ಕೈಗೆ ತಗೊಂಡ ಮೊದಲ ಹತ್ತು ನಿಮಿಷದಲ್ಲೇ ಇದು ಬೇರೆ ಆಟ ಅಂತ ಅನಿಸುತ್ತದೆ. ಗುದ್ದು ಬೀಳುತ್ತದೆ, ಬಿದ್ದದ್ದು ಬೆರಳಿಗೆ ಗೊತ್ತಾಗುತ್ತದೆ. ಗೇಮ್ ಬಾಯ್ ಅಡ್ವಾನ್ಸ್ ಪರದೆ ಅಂದರೆ ಬರೀ 240 ಅಡ್ಡ, 160 ಉದ್ದ ಚುಕ್ಕಿಗಳು, ಅಷ್ಟರಲ್ಲೇ ಕತೆಯ ಬೇರೆ ಹೋರಾಟಗಾರರಾದ ವೆಜೀಟಾನ ಗತ್ತು, ಪಿಕೋಲೊನ ಬಿಳಿ ಮೇಲಂಗಿ ಎಲ್ಲ ಕಾಣುವ ಹಾಗೆ ಬಿಡಿಸಿದ್ದಾರೆ. ಊರಿಂದ ಊರಿಗೆ ಹೋಗಬೇಕಾದರೆ ಭೂಪಟದ ಮೇಲೆ ನಾವೇ ಹಾರಿಕೊಂಡು ಹೋಗಬಹುದು. ಮೊದಲ ಆಟದಲ್ಲಿ ಹಾರಾಟ ಅಂದರೆ ಹಳ್ಳ ದಾಟುವಷ್ಟೇ ಇತ್ತು.

[ತೆರೆಯ ಮೇಲೆ: ಮುಚ್ಚಿದ ಬಾಗಿಲು. ಅದರ ಮೇಲೆ ಒಂದು ಮುಖ, ಒಂದು ಅಂಕಿ.]

ಈಗ ಇಲ್ಲಿ ನಿಲ್ಲಿಸಿ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಬಾಗಿಲು.

ಇದರ ಮೇಲೆ ಒಬ್ಬನ ಮುಖ ಇದೆ, ಒಂದು ನಂಬರ್ ಇದೆ. ಅರ್ಥ ಇಷ್ಟೇ: ಇವನೇ ಬರಬೇಕು, ಇಷ್ಟು ಲೆವೆಲ್, ಅಂದರೆ ಬಲದ ಮಟ್ಟ, ಆಗಿಯೇ ಬರಬೇಕು. ಒಂದು ಕಡಿಮೆ ಇದ್ದರೂ ತೆರೆಯುವುದಿಲ್ಲ. ಆಟದಲ್ಲಿ ಆಡಲು ಮುಖ್ಯವಾಗಿ ಐದು ಜನ ಸಿಗುತ್ತಾರೆ, ಗೋಕುವಿನ ಮಗ ಗೋಹಾನ್, ಪಿಕೋಲೊ, ವೆಜೀಟಾ, ಟ್ರಂಕ್ಸ್, ಗೋಕು. ಶತ್ರುಗಳನ್ನು ಸೋಲಿಸಿ ಒಬ್ಬ ಗಳಿಸಿದ ಅನುಭವ ಇನ್ನೊಬ್ಬನಿಗೆ ಸಿಗುವುದಿಲ್ಲ. ಗೋಹಾನ್‌ನನ್ನು ಎಷ್ಟೇ ಬೆಳೆಸಿದ್ದರೂ ಪಿಕೋಲೊನ ಬಾಗಿಲ ಮುಂದೆ ಅದು ಲೆಕ್ಕಕ್ಕಿಲ್ಲ. ಸೇವ್ ಮಾಡುವ ಜಾಗಕ್ಕೆ ವಾಪಸ್ ಹೋಗಿ, ಪಾತ್ರ ಬದಲಿಸಿ, ಪಿಕೋಲೊನನ್ನು ಕರೆದುಕೊಂಡು ಕಾಡಿಗೆ ಇಳಿಯಬೇಕು.

ಬೇರೆ ಆಟದಲ್ಲಿ ಹೀಗೆ ಮಾಡಿದ್ದರೆ ಸುಮ್ನೆ ಟೈಮ್ ವೇಸ್ಟ್ ಅನಿಸುತ್ತಿತ್ತು. ಇಲ್ಲಿ ಯಾಕೆ ಅನಿಸುವುದಿಲ್ಲ ಅಂದರೆ, ಡ್ರ್ಯಾಗನ್ ಬಾಲ್ ಝೀ ಕತೆಯೇ ಹೀಗಿದೆ. ನೆನಪು ಮಾಡಿಕೊಳ್ಳಿ. ಶುರುವಿನಲ್ಲೇ ರಾಡಿಟ್ಸ್ ಹೊಲಕ್ಕೆ ಬಂದಿಳಿಯುತ್ತಾನೆ, ಬಂದೂಕು ಹಿಡಿದ ರೈತನೊಬ್ಬ ಎದುರಾಗುತ್ತಾನೆ, ರಾಡಿಟ್ಸ್‌ನ ಕಣ್ಣಿಗೆ ಕಟ್ಟಿದ ಸ್ಕೌಟರ್ ಅವನ ಶಕ್ತಿ 5 ಅಂತ ತೋರಿಸುತ್ತದೆ. ಮೊದಲಿನಿಂದಲೂ ಈ ಕತೆಯಲ್ಲಿ ಮನುಷ್ಯನಿಗೊಂದು ನಂಬರ್ ಇದೆ. ಸೋತವನು ಹೋಗಿ ಅಭ್ಯಾಸ ಮಾಡುತ್ತಾನೆ, ದೊಡ್ಡ ನಂಬರ್ ಹೊತ್ತು ಬರುತ್ತಾನೆ. ಹೊರಗೆ ಒಂದು ದಿನ ಕಳೆದರೆ ಒಳಗೆ ಒಂದು ವರ್ಷ ಆಗುವ ಕೋಣೆ ಇತ್ತಲ್ಲ, ಅದನ್ನು ಕಟ್ಟಿದ್ದೇ ಅಭ್ಯಾಸಕ್ಕೆ. ಟಿವಿಯಲ್ಲಿ ಅದನ್ನು ನೋಡಿದ್ದೆವು. ಈ ಬಾಗಿಲು ಅದೇ ಕೆಲಸವನ್ನು ನಮ್ಮ ಕೈಯಲ್ಲಿ ಮಾಡಿಸುತ್ತದೆ.

ಸೂಪರ್ ಸೈಯನ್ ಕೂಡ ಇಲ್ಲಿ ಸರಿಯಾಗಿದೆ. ಬೇಕಾದಾಗ ಆಗಬಹುದು, ಕೂದಲು ಹೊಂಬಣ್ಣಕ್ಕೆ ತಿರುಗುತ್ತದೆ, ಏಟು ಜೋರಾಗುತ್ತದೆ. ಆದರೆ ಹಾಗೆ ಇರುವಷ್ಟು ಹೊತ್ತೂ ಶಕ್ತಿಯ ಪಟ್ಟಿ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಈಗಲೇ ಬಳಸಲೋ, ಇನ್ನೂ ಸ್ವಲ್ಪ ತಡೆಯಲೋ ಅಂತ ಲೆಕ್ಕ ಹಾಕಬೇಕು. ದೊಡ್ಡ ಶತ್ರುಗಳ ಮುಂದೆ ಈ ಲೆಕ್ಕ ತಪ್ಪಿ ನಾನು ಎಷ್ಟೋ ಸಲ ಸೋತಿದ್ದೇನೆ.

[ತೆರೆಯ ಮೇಲೆ: ಸೆಲ್, ಎದುರಿಗೆ ಗೋಹಾನ್.]

ಕತೆ ಟ್ರಂಕ್ಸ್ ಬರುವಲ್ಲಿಂದ ಸೆಲ್ ಗೇಮ್ಸ್‌ವರೆಗೆ, ಅಂದರೆ ಸೆಲ್ ಅನ್ನುವ ದೊಡ್ಡ ಶತ್ರು ನಡೆಸುವ ಪಂದ್ಯದವರೆಗೆ. ಕೊನೆಯ ಹೊಡೆದಾಟ ಗೋಹಾನ್‌ನದು. ಅನಿಮೆಯಲ್ಲಿ ಗೋಕು ಹಿಂದೆ ಸರಿದು ಮಗನನ್ನು ಮುಂದೆ ಕಳಿಸಿದಾಗ ಎಲ್ಲರಿಗೂ ಗಾಬರಿ, ಹುಡುಗನಿಗೆ ಆಗುತ್ತದಾ ಅಂತ. ಇಲ್ಲಿ ಆ ಗಾಬರಿ ನಮ್ಮದು. ಯಾಕೆಂದರೆ ಅವನು ಎಷ್ಟು ಬೆಳೆದಿದ್ದಾನೆ ಅನ್ನುವುದು ನಾವು ಅವನ ಜೊತೆ ಎಷ್ಟು ಹೊತ್ತು ಕಳೆದಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ಗೋಕು, ವೆಜೀಟಾ ಅಂತ ಅವರಿಬ್ಬರನ್ನೇ ಬೆಳೆಸುತ್ತಾ ಕೂತವರಿಗೆ ಇಲ್ಲಿ ಬಹಳ ಕಷ್ಟ.

ಮೂರನೆಯ ಆಟ ಬೂಸ್ ಫ್ಯೂರಿ, 2004ರದ್ದು. ಅದರಲ್ಲಿ ಲೆವೆಲ್ 200ರವರೆಗೆ ಹೋಗುತ್ತದೆ, ತೊಡುವ ಬಟ್ಟೆಯಿಂದಲೂ ಶಕ್ತಿ ಹೆಚ್ಚುತ್ತದೆ. ದೊಡ್ಡ ಆಟವೇ. ಆದರೂ ನನ್ನ ಮನಸ್ಸು ಎರಡನೆಯದರಲ್ಲೇ ಇದೆ. ಅದರಲ್ಲಿ ಲೆವೆಲ್ 50ಕ್ಕೆ ನಿಲ್ಲುತ್ತದೆ, ಐವರನ್ನೂ ಅಲ್ಲಿಗೆ ಮುಟ್ಟಿಸುವುದು ಒಬ್ಬ ಮನುಷ್ಯನ ಕೈಲಾಗುವ ಕೆಲಸ. 50 ಅಂತ ಬರೆದ ಬಾಗಿಲುಗಳು ಅಲ್ಲಲ್ಲಿ ಇವೆ. ಶುರುವಿನಲ್ಲೇ ಒಂದು ಕಣ್ಣಿಗೆ ಬಿದ್ದರೆ, ಯಾವ ಜಾಗ ಅಂತ ನೆನಪಿಟ್ಟುಕೊಳ್ಳಿ.

ಈಗ ಆಡಬೇಕು ಅನ್ನುವವರಿಗೆ: ಮೊದಲ ಆಟ ಬಿಟ್ಟು ನೇರವಾಗಿ ಎರಡನೆಯದಕ್ಕೆ ಹೋಗಿ, ಕತೆ ಗೊತ್ತಿದ್ದರೆ ಏನೂ ತೊಂದರೆ ಇಲ್ಲ. ಹೊಸ ಪಾತ್ರ ಸಿಕ್ಕಾಗಲೆಲ್ಲ ಅವನಿಗೂ ಸ್ವಲ್ಪ ಸಮಯ ಕೊಡಿ. ಗೋಹಾನ್‌ನನ್ನು ಮಾತ್ರ ಯಾವತ್ತೂ ಹಿಂದೆ ಬಿಡಬೇಡಿ. ಸೆಲ್ ಕಾಯುತ್ತಿರುವುದು ಅವನಿಗೇ.