ಗೂಟ, ದಾರ ಮತ್ತು ಪಾಬಳದ ಶಾಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಹಳ್ಳಿ ಹೈಸ್ಕೂಲಿನ ಅಂಗಳ ಹೇಗಿರುತ್ತದೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಪಾಸಾದವರು ಪೇಡ ಹಿಡಿದುಕೊಂಡು ಬರುತ್ತಾರೆ. ಫೇಲಾದವರು ಆ ಕಡೆ ಸುಳಿಯುವುದೇ ಇಲ್ಲ. ನಾನು ಮೂವತ್ತು ವರ್ಷ ಹಳ್ಳಿಯಲ್ಲಿ ಗಣಿತ ಕಲಿಸಿದವನು. ಹಾಗೆ ಬರದೇ ಹೋದವರ ಮುಖಗಳೇ ನನಗೆ ಜಾಸ್ತಿ ನೆನಪಿವೆ. ಅವರಲ್ಲಿ ಒಬ್ಬನ ವಿಷಯ ಮೊದಲು ಹೇಳುತ್ತೇನೆ.

ಆ ವರ್ಷ ನಮ್ಮ ಶಾಲೆಯ ಹಿಂದೆ ಹೊಸ ಕೊಠಡಿಗೆ ಪಾಯ ಗುರುತು ಹಾಕುತ್ತಿದ್ದರು. ಒಳಗೆ ನಾನು ಪೈಥಾಗೊರಸನ ಪ್ರಮೇಯ ಬರೆಸುತ್ತಿದ್ದೆ. ಕೊನೇ ಬೆಂಚಿನ ಹುಡುಗ ಕಿಟಕಿಯಾಚೆ ನೋಡುತ್ತಾ ಕೂತಿದ್ದ. 'ಏನೋ ಅಲ್ಲಿ?' ಅಂತ ಗದರಿದೆ. 'ಸಾರ್, ಅವರು ಹಿಡಿದ ಮೂಲೆ ತಪ್ಪಾಗಿದೆ' ಅಂದ.

ಅವನ ಅಪ್ಪ ಗಾರೆ ಕೆಲಸದವರು. ರಜೆ ಬಂದರೆ ಇವನೂ ಜೊತೆಗೆ ಹೋಗುತ್ತಿದ್ದ. ಸರಿ, ಪಾಠ ಮುಗಿದ ಮೇಲೆ ಹೋಗಿ ನೋಡೋಣ ಅಂತ ಕರೆದುಕೊಂಡು ಹೋದೆ. ಗೂಟಕ್ಕೆ ಕಟ್ಟಿದ್ದ ಒಂದು ದಾರದ ಮೇಲೆ ಮೂರು ಅಡಿಗೆ ಸುಣ್ಣದ ಗುರುತು ಮಾಡಿದ. ಇನ್ನೊಂದು ದಾರದ ಮೇಲೆ ನಾಲ್ಕು ಅಡಿಗೆ ಮಾಡಿದ. ಎರಡು ಗುರುತಿನ ನಡುವೆ ಟೇಪು ಹಿಡಿದ. ಐದು ಅಡಿ ಬರಬೇಕಿತ್ತು. ಎರಡು ಇಂಚು ಹೆಚ್ಚಿಗೆ ಬಂತು. 'ನೋಡಿ ಸಾರ್, ಮೂಲೆ ಬಾಯಿ ಬಿಟ್ಟಿದೆ' ಅಂದ. ಮೇಸ್ತ್ರಿ ಮಾತಾಡದೆ ಗೂಟ ಕಿತ್ತು ಈಚೆ ಹೊಡೆದರು.

ಪರೀಕ್ಷೆಯಲ್ಲಿ ಅದೇ ಪ್ರಮೇಯ ಬಂತು. ಅವನು ಚಿತ್ರ ಒಂದನ್ನು ಬರೆದು, ಕೆಳಗೆ ಏನೂ ಬರೆಯದೆ ಎದ್ದು ಬಂದಿದ್ದ. ಗಣಿತದಲ್ಲಿ ಫೇಲ್. ಮತ್ತೆ ಪರೀಕ್ಷೆಗೆ ಕಟ್ಟಲೇ ಇಲ್ಲ. ಇದರಲ್ಲಿ ನನ್ನ ತಪ್ಪು ದೊಡ್ಡದು. ನೀನು ಹಿಡಿದ ಆ ದಾರವೇ ಪ್ರಮೇಯ ಕಣಪ್ಪ, ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಕೂಡಿದರೆ ಐದರ ವರ್ಗ ಇಪ್ಪತ್ತೈದು ಅಂತ ಅಲ್ಲೇ ನಿಂತು ಹೇಳಬೇಕಿತ್ತು. ನಾನು ಅವನನ್ನು ಮೆಚ್ಚಿ, ಬೆನ್ನು ತಟ್ಟಿ, ಒಳಗೆ ಕರೆದುಕೊಂಡು ಬಂದು ಮತ್ತೆ ಬೋರ್ಡಿನ ಮೇಲೆ ಬರೆಸಿದೆ.

ಇಂಥ ಮಕ್ಕಳಿಗೆ ಅಂತಲೇ ಒಬ್ಬರು ಶಾಲೆ ಕಟ್ಟಿದ್ದರು ಅಂತ ನನಗೆ ಗೊತ್ತಾಗುವ ಹೊತ್ತಿಗೆ ನನ್ನ ಸರ್ವೀಸು ಮುಗಿಯುತ್ತಾ ಬಂದಿತ್ತು.

ಆ ಶಾಲೆ ಇರುವುದು ಮಹಾರಾಷ್ಟ್ರದ ಪಾಬಳ ಎಂಬ ಊರಿನಲ್ಲಿ. ಪುಣೆಯಿಂದ ಸುಮಾರು 70 ಕಿಲೋಮೀಟರ್, ಶಿರೂರು ತಾಲ್ಲೂಕು. ಮಳೆ ಕಡಿಮೆ ಬೀಳುವ, ನಮ್ಮ ಬಯಲುಸೀಮೆಯ ಯಾವುದೇ ಊರಿನ ಹಾಗಿರುವ ಊರು. ಶಾಲೆಯ ಹೆಸರು ವಿಜ್ಞಾನ ಆಶ್ರಮ. ಶುರುವಾದದ್ದು 1983ರಲ್ಲಿ. ಕಟ್ಟಿದವರು ಡಾಕ್ಟರ್ ಶ್ರೀನಾಥ ಕಲಬಾಗ್. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. ಅಲ್ಲಿಂದ ಬಂದು ಕೆಲವು ವರ್ಷ ಕೆಲಸ ಮಾಡಿದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ! ಆಮೇಲೆ ಮುಂಬೈಗೆ ಹೋಗಿ ಹಿಂದೂಸ್ತಾನ್ ಲಿವರ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಸುಮಾರು ಇಪ್ಪತ್ತು ವರ್ಷ ಇದ್ದರು. ಐವತ್ತೈದರ ಹತ್ತಿರದ ವಯಸ್ಸಿನಲ್ಲಿ ಅದನ್ನೆಲ್ಲ ಬಿಟ್ಟು, ಹೆಂಡತಿ ಮೀರಾ ಅವರ ಜೊತೆ ಪಾಬಳಕ್ಕೆ ಬಂದರು. 2003ರಲ್ಲಿ ತೀರಿಕೊಳ್ಳುವ ತನಕ ಅದೇ ಅವರ ಊರಾಯಿತು.

ಅಲ್ಲಿಗೆ ಓದಲು ಬರುವವರಲ್ಲಿ ಶಾಲೆ ಬಿಟ್ಟವರು, ಹತ್ತನೇ ತರಗತಿಯಲ್ಲಿ ನಪಾಸಾದವರು ಬಹಳ. ಎಂಟನೇ ತರಗತಿ ತನಕ ಓದಿದ್ದರೆ ಸಾಕು. ಒಂದು ವರ್ಷ ಅಲ್ಲೇ ಇದ್ದು ಕಲಿಯಬೇಕು. ಕಲಿಕೆಗೆ ನಾಲ್ಕು ಭಾಗ. ಒಂದು ವರ್ಕ್‌ಶಾಪು, ಅಂದರೆ ವೆಲ್ಡಿಂಗ್, ಬಡಗಿ ಕೆಲಸ, ಕಟ್ಟಡದ ಕೆಲಸ. ಇನ್ನೊಂದು ವಿದ್ಯುತ್ತು ಮತ್ತು ಇಂಧನ. ಆಮೇಲೆ ಬೇಸಾಯ, ದನಕರು. ಕೊನೆಯದು ಮನೆ ಮತ್ತು ಆರೋಗ್ಯ. ಹುಡುಗ ಹುಡುಗಿ ಅಂತ ಭೇದವಿಲ್ಲದೆ ಎಲ್ಲರೂ ನಾಲ್ಕನ್ನೂ ಕಲಿಯಬೇಕು. ಹುಡುಗಿಯರು ವೆಲ್ಡಿಂಗ್ ಮಾಡುತ್ತಾರೆ, ಹುಡುಗರು ಅಡುಗೆ ಕಲಿಯುತ್ತಾರೆ. ಮುಗಿಸಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಸರ್ಟಿಫಿಕೇಟು ಸಿಗುತ್ತದೆ.

ಇಷ್ಟೇ ಆಗಿದ್ದರೆ ಇದೂ ಒಂದು ತರಬೇತಿ ಕೇಂದ್ರ ಅಂತ ನಾನು ಸುಮ್ನಾಗುತ್ತಿದ್ದೆ. ಅಲ್ಲಿನ ಒಂದು ಪದ್ಧತಿ ನನ್ನನ್ನು ಹಿಡಿದು ನಿಲ್ಲಿಸಿತು. ಮಕ್ಕಳು ಕಲಿಯುವ ಕೆಲಸ ಊರಿನ ಯಾರಿಗೋ ನಿಜವಾಗಿ ಬೇಕಾದ ಕೆಲಸವಾಗಿರಬೇಕು. ಅವರು ಅದಕ್ಕೆ ದುಡ್ಡು ಕೊಡಬೇಕು.

ಯೋಚನೆ ಮಾಡಿ. ನಾನು ಚಿಕ್ಕವನಿದ್ದಾಗ ನಮ್ಮ ಶಾಲೆಯಲ್ಲೂ ತಕಲಿ ಇತ್ತು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ, ಕೈಕಸುಬಿನ ಮೂಲಕ ಕಲಿಸುವ ಮೂಲ ಶಿಕ್ಷಣದ ಕೊನೆಯ ತುಣುಕು ಅದು. ನಾವು ನೂಲು ತೆಗೆಯುತ್ತಿದ್ದೆವು. ಮೇಷ್ಟ್ರು ಅದನ್ನು ಸುತ್ತಿ ಬೀರುವಿನಲ್ಲಿ ಇಡುತ್ತಿದ್ದರು. ಆ ನೂಲಿನಿಂದ ಒಂದು ಕರವಸ್ತ್ರ ಆದದ್ದನ್ನೂ ನಾನು ನೋಡಲಿಲ್ಲ. ನೂಲು ಕಡಿದರೂ ಒಂದೇ, ಗಟ್ಟಿ ಬಂದರೂ ಒಂದೇ. ಬೇಡದ ಕೆಲಸ ಮಾಡಿಸಿದರೆ ಮಕ್ಕಳಿಗೆ ಅದು ತಕ್ಷಣ ಗೊತ್ತಾಗಿಬಿಡುತ್ತದೆ, ಅಲ್ವಾ? ಗೇಟು ಮಾಡಿಸಿದ ರೈತ ಬಂದು, 'ಏನಪ್ಪಾ, ಚಿಲಕ ಕೂರ್ತಾ ಇಲ್ಲ' ಅಂದರೆ ಮಾತ್ರ ಅಳತೆ ಅಂದರೆ ಏನು ಅಂತ ಹುಡುಗನಿಗೆ ಅರ್ಥವಾಗುತ್ತದೆ.

ಪಾಬಳದ ಮಕ್ಕಳು ಮಾಡುವ ಕೆಲಸಗಳಲ್ಲಿ ನನಗೆ ಬಹಳ ಹಿಡಿಸಿದ್ದು ನೆಲದೊಳಗಿನ ನೀರಿನ ಪರೀಕ್ಷೆ. ನಮ್ಮ ಕಡೆ ಬೋರ್‌ವೆಲ್ ಹಾಕಿಸುವ ಮುಂಚೆ ಪಾಯಿಂಟ್ ತೋರಿಸುವವರನ್ನು ಕರೆಸುತ್ತೇವೆ. ಅವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತಲ್ಲಿ ಕೊರೆಸುತ್ತೇವೆ. ನೀರು ಬರದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ಅಲ್ಲಿನ ಮಕ್ಕಳು ಹೊಲಕ್ಕೆ ಹೋಗುವುದು ಮೀಟರು, ವೈರು, ಕಬ್ಬಿಣದ ಸರಳು ಹಿಡಿದುಕೊಂಡು. ನಾಲ್ಕು ಸರಳುಗಳನ್ನು ಒಂದೇ ಸಾಲಿನಲ್ಲಿ ಸಮ ದೂರಕ್ಕೆ ನೆಲಕ್ಕೆ ಹೊಡೆಯಬೇಕು. ಹೊರಗಿನ ಎರಡರಲ್ಲಿ ಕರೆಂಟು ಬಿಡಬೇಕು. ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯಬೇಕು. ಸರಳುಗಳ ನಡುವಿನ ದೂರ ಹೆಚ್ಚಿಸುತ್ತಾ ಹೋದ ಹಾಗೆ ಇನ್ನೂ ಆಳದ ನೆಲದ ಗುಣ ತಿಳಿಯುತ್ತದೆ. ಒಣಗಿದ ಗಟ್ಟಿ ಬಂಡೆ ಕರೆಂಟನ್ನು ಬಿಡುವುದಿಲ್ಲ. ನೀರು ತುಂಬಿದ ಬಿರುಕು ಬಂಡೆ ಬಿಡುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಅಂದರೆ ನೆಲ ಕರೆಂಟಿಗೆ ಒಡ್ಡುವ ತಡೆ, ಸಿಗುತ್ತದೆ. ಅದೇ ಓಮನ ನಿಯಮ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ನಾವು ಬಾಯಿಪಾಠ ಮಾಡಿಸುತ್ತೇವಲ್ಲ, ಅದು. ಇಲ್ಲಿ ಆ ಭಾಗಾಕಾರ ತಪ್ಪಿದರೆ ಎದುರಿಗೆ ನಿಂತ ರೈತನ ದುಡ್ಡು ಮಣ್ಣುಪಾಲು. ಇಂಥ ಲೆಕ್ಕವನ್ನು ಯಾವ ಹುಡುಗ ಗಮನವಿಲ್ಲದೆ ಮಾಡುತ್ತಾನೆ ಹೇಳಿ. ನೀರು ಸಿಕ್ಕೇ ಸಿಗುತ್ತದೆ ಅಂತ ಈ ಪರೀಕ್ಷೆಯೂ ಭರವಸೆ ಕೊಡುವುದಿಲ್ಲ, ಅದನ್ನೂ ಹೇಳಬೇಕು. ಆದರೆ ಯಾಕೆ ಇಲ್ಲಿ ಕೊರೆಯಿರಿ ಅಂದೆ ಎಂಬುದಕ್ಕೆ ಹುಡುಗನ ಹತ್ತಿರ ಕಾರಣ ಇರುತ್ತದೆ.

ಅಲ್ಲಿನ ಇನ್ನೊಂದು ಗುರುತು ಗುಮ್ಮಟದ ಮನೆಗಳು. ಕಬ್ಬಿಣದ ತ್ರಿಕೋನಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟುವ ಗುಮ್ಮಟ. ನಾಲ್ಕು ಕೋಲಿನ ಚೌಕವನ್ನು ಒತ್ತಿದರೆ ವಾಲುತ್ತದೆ. ಮೂರು ಕೋಲಿನ ತ್ರಿಕೋನ ವಾಲುವುದಿಲ್ಲ. ಅದಕ್ಕೇ ಗುಮ್ಮಟ ಗಟ್ಟಿ. ಆದರೆ ಕೋಲುಗಳ ಅಳತೆ ಹೆಚ್ಚುಕಡಿಮೆಯಾದರೆ ಕೊನೆಗೆ ತ್ರಿಕೋನ ಕೂಡುವುದೇ ಇಲ್ಲ. ಈ ಗುಮ್ಮಟದ ಫೋಟೋ ನೋಡಿದಾಗಲೆಲ್ಲ ಆ ಹುಡುಗ ದಾರ ಹಿಡಿದು ಬಗ್ಗಿ ನಿಂತದ್ದೇ ನನ್ನ ಕಣ್ಣಿಗೆ ಬರುತ್ತದೆ.

ಈಗ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ನಮ್ಮ ಮಗ ಕೂಲಿ ಮಾಡಬಾರದು ಅಂತಲೇ ಶಾಲೆಗೆ ಕಳಿಸುತ್ತೇವೆ, ಅಲ್ಲೂ ಅದೇ ಮಾಡಿಸಿದರೆ ಹೇಗೆ ಅಂತ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅಪ್ಪನ ಕಸುಬೇ ಮಗನ ಹಣೆಬರಹ ಅಂತ ಜಾತಿಯ ಹೆಸರಿನಲ್ಲಿ ಕಟ್ಟಿಹಾಕಿದ ಊರುಗಳು ನಮ್ಮವು. ಕಸುಬಿನ ಶಿಕ್ಷಣ ಅಂದ ತಕ್ಷಣ ಬಡವರ ಮನೆಯಲ್ಲಿ ಅನುಮಾನ ಹುಟ್ಟುವುದು ಸಹಜ, ನ್ಯಾಯವೂ ಹೌದು. ಪಾಬಳದ ದಾರಿ ನನಗೆ ಒಪ್ಪಿಗೆಯಾದದ್ದು ಇಲ್ಲೇ. ಗಾರೆಯವರ ಮಗ ಅಲ್ಲಿ ಗಾರೆಯನ್ನಷ್ಟೇ ಕಲಿಯುವುದಿಲ್ಲ. ರಕ್ತದ ಗುಂಪು ನೋಡುವುದನ್ನೂ ಕಲಿಯುತ್ತಾನೆ, ವೈರಿಂಗ್ ಕಲಿಯುತ್ತಾನೆ, ಖರ್ಚು ವೆಚ್ಚ ಬರೆದು ಅಂದಾಜು ಪಟ್ಟಿ ಮಾಡುವುದನ್ನೂ ಕಲಿಯುತ್ತಾನೆ. ಹಳೆಯ ಉಪಕರಣಗಳಿಗೇ ಅಂಟಿಕೊಂಡ ಜಾಗವೂ ಅಲ್ಲ ಅದು. ಅಮೆರಿಕದ ಎಂಐಟಿ ಸಂಸ್ಥೆ ಫ್ಯಾಬ್ ಲ್ಯಾಬ್ ಎಂಬ ಕಂಪ್ಯೂಟರ್ ಚಾಲಿತ ಕಾರ್ಯಾಗಾರಗಳನ್ನು ತನ್ನ ದೇಶದ ಹೊರಗೆ ಶುರು ಮಾಡಿದಾಗ, ಮೊಟ್ಟಮೊದಲಿನವುಗಳಲ್ಲಿ ಒಂದು ಬಂದದ್ದು ಈ ಹಳ್ಳಿಗೆ. ಅದು 2002ರಲ್ಲಿ.

ಎಲ್ಲ ಮಕ್ಕಳೂ ಮನೆ ಬಿಟ್ಟು ಅಷ್ಟು ದೂರ ಹೋಗಲು ಆಗುವುದಿಲ್ಲ. ಅದಕ್ಕೆ ಕಲಬಾಗ್ ಅವರು ಮಾಡಿದ ಇನ್ನೊಂದು ಕೆಲಸ ನಮ್ಮ ಹೆಡ್‌ಮಾಸ್ಟರುಗಳಿಗೆ ಜಾಸ್ತಿ ಉಪಯೋಗದ್ದು. ಮಾಮೂಲಿ ಹೈಸ್ಕೂಲುಗಳಲ್ಲೇ ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ ವಾರದಲ್ಲಿ ಒಂದು ದಿನ ಇದೇ ನಾಲ್ಕು ಭಾಗಗಳ ಕಲಿಕೆ. ಕಲಿಸುವವರು ಅದೇ ಊರಿನ ವೆಲ್ಡಿಂಗ್ ಅಂಗಡಿಯವರು, ವೈರಿಂಗ್ ಮಾಡುವವರು, ಹೊಲಿಗೆಯವರು. ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಇದನ್ನು ಒಂದು ವಿಷಯವಾಗಿ ಒಪ್ಪಿಕೊಂಡಿತು. ಅಂದರೆ ಅಂಕಪಟ್ಟಿಯಲ್ಲೂ ಅದಕ್ಕೆ ಜಾಗ ಸಿಕ್ಕಿತು. ನಮ್ಮ ಊರಿನ ಗಾರೆ ಮೇಸ್ತ್ರಿ ಹೈಸ್ಕೂಲಿನ ಒಳಗೆ ಬಂದು, ಮೂಲೆಮಟ್ಟ, ರಸಮಟ್ಟ, ತೂಗುಗುಂಡು ಮೇಜಿನ ಮೇಲಿಟ್ಟು, ಮಕ್ಕಳಿಂದ 'ಸಾರ್' ಅನ್ನಿಸಿಕೊಳ್ಳುವುದನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ನನಗಂತೂ ಅದನ್ನು ನೆನೆಸಿಕೊಂಡರೇ ಎದೆ ತುಂಬುತ್ತದೆ.

ಇದಕ್ಕೆ ದೊಡ್ಡ ಅನುದಾನ ಬರಲಿ ಅಂತ ಕಾಯಬೇಕಾಗಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇದಕ್ಕೆ ಅಂತ ಒಂದು ಶನಿವಾರವನ್ನು ಕೇಳಿಕೊಳ್ಳಿ. ಶಾಲೆಯಲ್ಲಿ ಮುರಿದ ಬೆಂಚಿದೆ, ಸೋರುವ ನಲ್ಲಿಯಿದೆ. ಊರಿನ ಒಬ್ಬ ಕಸುಬಿನವರನ್ನು ಕರೆಯಿರಿ, ಅವರ ದಿನದ ಕೂಲಿ ಕೊಡಿ, ಪಕ್ಕದಲ್ಲಿ ಗಣಿತದ ಮೇಷ್ಟ್ರು ಒಬ್ಬರು ನಿಂತಿರಲಿ. ಮೇಷ್ಟ್ರು ನಿಲ್ಲುವುದು ಮಾತ್ರ ತಪ್ಪಬಾರದು. ದಾರಕ್ಕೂ ಪ್ರಮೇಯಕ್ಕೂ ಗಂಟು ಹಾಕುವವರು ಅವರೇ.

ಬೆಳಗಾವಿ, ಬೀದರ್ ಕಡೆ ಮರಾಠಿ ಬರುವ ಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಈ ಸಲ ನಪಾಸಾಗಿ ಮನೆಯಲ್ಲಿ ಕೂತ ಮಗ ಅಥವಾ ಮಗಳು ಇದ್ದರೆ, ಪಾಬಳದ ಹೆಸರು ಬರೆದಿಟ್ಟುಕೊಳ್ಳಿ. ಪುಣೆಯಿಂದ ಅಹಿಲ್ಯಾನಗರದ, ಅಂದರೆ ಮೊದಲಿನ ಅಹಮದ್‌ನಗರದ, ರಸ್ತೆಯಲ್ಲಿ ಶಿಕ್ರಾಪುರ ಬರುತ್ತದೆ. ಅಲ್ಲಿಂದ ಒಳಗೆ ಹೋಗಬೇಕು.

ನಮಸ್ಕಾರ.