ಗೋವಾದ ಹಳೆ ಮನೆಗಳ ಕಿಟಕಿಯಲ್ಲಿ ಗಾಜಿಲ್ಲ, ಮತ್ತೇನಿದೆ?

[ದೃಶ್ಯ: ಹುಬ್ಬಳ್ಳಿ ರೈಲು ನಿಲ್ದಾಣ, ಹೊರಡಲು ನಿಂತ ರೈಲು]

ಎಲ್ಲರಿಗೂ ನಮಸ್ಕಾರ. ಗದಗಿನ ಒಬ್ಬ ವೀಕ್ಷಕರು ನನಗೆ ಒಂದು ಫೋಟೊ ಕಳಿಸಿದ್ದರು. ಗೋವಾದಲ್ಲಿ ರಜೆಗೆ ಹೋದಾಗ ತೆಗೆದದ್ದು. ಹಳೆ ಮನೆ, ಉದ್ದನೆಯ ಕಿಟಕಿ, ಕಿಟಕಿ ತುಂಬ ಹಾಲಿನ ಬಣ್ಣದ ಸಣ್ಣ ಸಣ್ಣ ಚೌಕಗಳು. "ಇದು ಗಾಜಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಏನಿದು?" ಅಂತ ಕೇಳಿದ್ದರು. ಆ ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿತು. ನೋಡಿಕೊಂಡೇ ಬರೋಣ ಅಂತ ಹೊರಟೆ.

ದಾರಿ ನಿಮಗೆಲ್ಲ ಗೊತ್ತು. ಧಾರವಾಡ, ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್. ಆಮೇಲೆ ಘಾಟಿನ ಇಳಿತ, 310 ಮೀಟರ್ ಎತ್ತರದ ದೂಧಸಾಗರ. ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ನಮ್ಮವರು ಮಡಗಾಂವ್‌ನಲ್ಲಿ ಇಳಿದವರೇ ಸೀದಾ ಬೀಚಿಗೆ ಓಡುತ್ತಾರೆ, ಅಲ್ವಾ? ಮಡಗಾಂವ್‌ಗಿಂತ ಸ್ವಲ್ಪ ಮುಂಚೆ, ಇದೇ ರೈಲು ದಾರಿಯಲ್ಲಿ ಚಾಂದೋರ್ ಅಂತ ಒಂದು ಊರಿದೆ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಮಡಗಾಂವ್‌ಗೆ ಹೋಗಿ ವಾಪಸ್ ಬರಬೇಕಾಗುತ್ತದೆ. ಬನ್ನಿ.

[ದೃಶ್ಯ: ಚಾಂದೋರ್, ಮೆನೆಜೆಸ್ ಬ್ರಗಾಂಝಾ ಮನೆಯ ಮುಂಭಾಗ]

ಊರ ಚೌಕದ ಒಂದು ಬದಿಯನ್ನು ಈ ಒಂದೇ ಮನೆ ತುಂಬಿಕೊಂಡಿದೆ. ಪತ್ರಕರ್ತ ಲೂಯಿಸ್ ಡಿ ಮೆನೆಜೆಸ್ ಬ್ರಗಾಂಝಾ ಈ ಮನೆತನದವರು. ಪೋರ್ಚುಗೀಸರ ಆಡಳಿತದಲ್ಲೇ ಆ ಆಡಳಿತದ ವಿರುದ್ಧ ಬರೆದವರು. ಮನೆಯ ಎರಡು ಭಾಗ ಎರಡು ಕವಲುಗಳ ಪಾಲಿಗೆ ಬಂದಿದೆ. ಒಳಗೆ ಹೋಗಿ ನೋಡಬಹುದು.

ಆದರೆ ನನ್ನ ಕಿಟಕಿ ಸಿಕ್ಕಿದ್ದು ಈ ದೊಡ್ಡ ಮನೆಯಲ್ಲಲ್ಲ. ಅಲ್ಲಿಂದ ಒಂದಷ್ಟು ದೂರ, ಹೆಸರಿಲ್ಲದ ಒಂದು ಸಾಧಾರಣ ಮನೆಯಲ್ಲಿ. ವರಾಂಡದಲ್ಲಿ ಕೂತಿದ್ದ ಅಜ್ಜಿ "ಒಳಗಿನಿಂದ ನೋಡು" ಅಂತ ಕರೆದರು.

[ದೃಶ್ಯ: ಕಿಟಕಿ, ತೀರಾ ಹತ್ತಿರದಿಂದ]

ಅದು ಚಿಪ್ಪು! ಸಮುದ್ರದ ಚಿಪ್ಪು. ಮರದ ಚೌಕಟ್ಟಿನಲ್ಲಿ ತೆಳ್ಳನೆ ಪಟ್ಟಿಗಳು, ಪಟ್ಟಿಯ ಸೀಳಿಗೆ ಒಂದೊಂದೇ ಚಿಪ್ಪು ಸಿಕ್ಕಿಸಿದ್ದಾರೆ. ಬೆರಳಿಂದ ತಟ್ಟಿದೆ. ಗಾಜಿನ ಹಾಗೆ ಟಣ್ ಅನ್ನಲಿಲ್ಲ, ಒಣಗಿದ ಎಲೆಯ ಹಾಗೆ ಟಕ್ ಅಂತು. ಕಣ್ಣು ಹತ್ತಿರ ತಂದರೆ ಉಗುರಿನ ಮೇಲೆ ಇರುವಂಥ ಸಣ್ಣ ಗೆರೆಗಳು. ಹೊರಗೆ ಮಧ್ಯಾಹ್ನದ ರಣಬಿಸಿಲು. ಒಳಗೆ ಸೋಸಿ ಬಿಟ್ಟಂಥ ಬೆಳಕು. ನಾನು ಸುಮ್ನೆ ನಿಂತುಬಿಟ್ಟೆ.

ಈ ಜೀವಿಯ ಹೆಸರು ಪ್ಲಾಕುನಾ ಪ್ಲಾಸೆಂಟಾ. ಅಂಗೈಯಷ್ಟು ಅಗಲ, ಚಪ್ಪಟೆ, ಅಳಿವೆಯ ಕೆಸರಿನಲ್ಲಿ ಬೆಳೆಯುತ್ತದೆ. ಈ ಹಳೆ ಮನೆಗಳನ್ನು ಕಟ್ಟುವ ಕಾಲಕ್ಕೆ ಗಾಜು ಹಡಗಿನಲ್ಲಿ ಬರಬೇಕಿತ್ತು, ತುಂಬಾ ದುಬಾರಿ. ಚಿಪ್ಪು ಊರ ಪಕ್ಕದ ನೀರಿನಲ್ಲೇ ಇತ್ತು.

ಈಗ ನನ್ನ ತಲೆ ತಿರುಗಿಸಿದ ವಿಷಯ. ಈ ಚಿಪ್ಪಿನ 99% ಕ್ಯಾಲ್ಸೈಟ್. ಅಂದರೆ ಸುಣ್ಣದ ಕಲ್ಲಿನ ಖನಿಜವೇ. ಆ ಖನಿಜದ ಹರಳಿಗೆ ಸ್ವಲ್ಪ ಪೆಟ್ಟು ಬಿದ್ದರೂ ಸೀಳಿಹೋಗುತ್ತದೆ. ಚಿಪ್ಪು ಹಾಗಲ್ಲ. 2014ರಲ್ಲಿ ಅಮೆರಿಕದ ಎಂಐಟಿಯ ವಿಜ್ಞಾನಿಗಳು ಇದನ್ನು ವಜ್ರದ ಮೊನೆಯಿಂದ ಒತ್ತಿ ನೋಡಿದರು. ಬಿರುಕು ಬಿದ್ದಲ್ಲೇ ನಿಂತಿತು, ಹರಡಲಿಲ್ಲ. ಬರೀ ಕ್ಯಾಲ್ಸೈಟ್‌ಗಿಂತ ಸುಮಾರು 10 ಪಟ್ಟು ಜಾಸ್ತಿ ಪೆಟ್ಟು ತಡೆದುಕೊಳ್ಳುತ್ತದೆ. ಆದರೂ ಸುಮಾರು 80% ಬೆಳಕನ್ನು ಒಳಗೆ ಬಿಡುತ್ತದೆ.

ಹೇಗೆ? ನಮ್ಮ ಮನೆಯ ಕಡಕ್ ರೊಟ್ಟಿ ನೆನಪಿಸಿಕೊಳ್ಳಿ. ಒಂದೇ ರೊಟ್ಟಿ ಕೈಯಲ್ಲಿ ಹಿಡಿದು ನಡುವೆ ಒತ್ತಿದರೆ ಈ ಅಂಚಿನಿಂದ ಆ ಅಂಚಿಗೆ ಚಟ್ ಅಂತ ಒಡೆಯುತ್ತದೆ. ಅದೇ ಬುಟ್ಟಿಯಲ್ಲಿ ಇಪ್ಪತ್ತು ರೊಟ್ಟಿ ಅಟ್ಟಿ ಹಾಕಿದ್ದೀರಿ. ಈಗ ಮೇಲಿಂದ ಬೆರಳು ಒತ್ತಿ. ಮೇಲಿನ ಒಂದೆರಡು ಮುರಿಯಬಹುದು, ಕೆಳಗಿನವು ಹಾಗೇ ಇರುತ್ತವೆ. ಒಂದರ ಬಿರುಕು ಇನ್ನೊಂದಕ್ಕೆ ದಾಟುವುದಿಲ್ಲ. ಚಿಪ್ಪಿನಲ್ಲೂ ಹೀಗೆ ಪದರದ ಮೇಲೆ ಪದರ. ನಡುವೆ ಜೀವಿಯೇ ಮಾಡಿಟ್ಟ ಅಂಟಿನಂಥ ವಸ್ತು, ನೂರರಲ್ಲಿ ಒಂದೇ ಒಂದು ಪಾಲು. ಜೊತೆಗೆ ಒತ್ತಡ ಬಿದ್ದ ಜಾಗದಲ್ಲಿ ಹರಳುಗಳು ಕನ್ನಡಿಯ ಬಿಂಬದ ಹಾಗೆ ಮಗ್ಗುಲು ಬದಲಿಸಿ ಪೆಟ್ಟನ್ನು ಅಲ್ಲಲ್ಲೇ ನುಂಗುತ್ತವೆ. ಕೆಸರಿನಲ್ಲಿ ಬದುಕುವ ಒಂದು ಮೆತ್ತನೆ ಜೀವ ಇಷ್ಟು ಕೆಲಸ ಮಾಡಿದೆ. ಇದಕ್ಕಿಂತ ದೊಡ್ಡ ಪ್ರೇಕ್ಷಣೀಯ ಸ್ಥಳ ನನಗೆ ಗೋವಾದಲ್ಲಿ ಸಿಗಲಿಲ್ಲ.

ಅಜ್ಜಿಯ ಕಿಟಕಿಯಲ್ಲಿ ಒಂದು ಚೌಕ ಉದುರಿತ್ತು. ಅಲ್ಲಿ ರಟ್ಟು ಕತ್ತರಿಸಿ ಕೂರಿಸಿದ್ದರು. ಬೇರೆ ಚಿಪ್ಪು ಸಿಗುವುದಿಲ್ಲವಂತೆ. ಸಿಗಬಾರದು ಕೂಡ. 2001ರಲ್ಲಿ ಈ ಜೀವಿಯನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದ್ದಾರೆ. ಜುವಾರಿ ನದಿಯ ಚಿಕಾಲಿಂ ಕೊಲ್ಲಿಯಲ್ಲಿ ಇನ್ನೂ ಇವೆ. ದಯವಿಟ್ಟು ಹೆಕ್ಕಿ ತರಬೇಡಿ. ಇರುವ ಕಿಟಕಿಗಳನ್ನು ಕಿತ್ತು ಅಲ್ಯುಮಿನಿಯಂ ಹಾಕಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

[ದೃಶ್ಯ: ಪೋಂಡಾ ಕಡೆಯ ಅಡಿಕೆ ತೋಟ]

ವಿಡಿಯೋ ಉದ್ದ ಆಯ್ತು, ಉಳಿದದ್ದನ್ನು ಬೇಗ ಹೇಳುತ್ತೇನೆ. ತೋಟ ನೋಡಬೇಕು ಅಂದರೆ ಪೋಂಡಾ ಕಡೆಯ ಕುಳಾಗರಗಳಿಗೆ ಹೋಗಿ. ಮೇಲೆ ತೆಂಗು, ಅಡಿಕೆ, ಅಡಿಕೆಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಬಾಳೆ, ಅನಾನಸ್. ಶಿರಸಿಯ ತೋಟ ಕಂಡವರಿಗೆ ಗುರುತು ಹತ್ತುತ್ತದೆ. ಧಾರವಾಡದ ಆಪೂಸಿನ ಹೆಸರೂ 1510ರಲ್ಲಿ ಗೋವಾ ಗೆದ್ದ ಅಫೊನ್ಸೊ ಡಿ ಅಲ್ಬುಕರ್ಕ್‌ನಿಂದ ಬಂದದ್ದು. ಮೆಣಸಿನಕಾಯಿಯೂ ಪೋರ್ಚುಗೀಸರ ಹಡಗಿನಲ್ಲೇ ನಮ್ಮ ದೇಶಕ್ಕೆ ಬಂತು. ಬ್ಯಾಡಗಿಯವರು ಗೋವಾಕ್ಕೆ ಹೋದರೆ ನೆಂಟರ ಮನೆಗೆ ಹೋದ ಹಾಗೆ.

ಚಾಂದೋರ್ ಕೂಡ ದೂರದ ಊರಲ್ಲ. ಅದು ಹಳೆಯ ಚಂದ್ರಪುರ, ಗೋವಾ ಕದಂಬರ ರಾಜಧಾನಿ. ತಲೆಯಿಲ್ಲದ ಒಂದು ನಂದಿ ಇಂದಿಗೂ ಅಲ್ಲಿ ಬಯಲಲ್ಲಿ ಕೂತಿದೆ.

ಕಡಲಿಗೆ ಒಂದೇ ಜಾಗ ಹೇಳುತ್ತೇನೆ: ಕಾಬೊ ದ ರಾಮ. ಬಂಡೆಯ ತುದಿಯಲ್ಲಿ ಕೆಂಪು ಜಂಬಿಟ್ಟಿಗೆಯ ಕೋಟೆ, ಕೆಳಗೆ ಅರಬ್ಬಿ ಸಮುದ್ರ. ಮೊದಲು ಇದು ಶಿರಸಿ ಹತ್ತಿರದ ಸೋಂದೆಯ ಅರಸರದ್ದು. ಪೋರ್ಚುಗೀಸರ ಕೈಗೆ ಹೋದದ್ದು 1763ರಲ್ಲಿ. ಸಂಜೆ ಹೋಗಿ, ನೀರು ಒಯ್ಯಿರಿ.

ಗದಗಿನವರೇ, ನಿಮ್ಮ ಫೋಟೊದ ಮನೆ ಯಾವ ಊರಿನದು ಅಂತ ತಿಳಿಸಿ. ಅಷ್ಟೂ ಚೌಕ ಒಂದೂ ಉದುರದೆ ಹಾಗೇ ಇವೆ. ಮಳೆಗಾಲ ಮುಗಿಯಲಿ, ಮುಂದಿನ ಸಲ ಅಲ್ಲಿಗೇ ಹೋಗುತ್ತೇನೆ.